ಪೊಟ್ಯಾಸಿಯಂ ಯಾಕೆ 2,8,9 ಅಲ್ಲ? ಎಂ ಕವಚದಲ್ಲಿ ಜಾಗ ಇದೆಯಲ್ಲ!

ವಿದ್ಯಾನಗರದ ಅಮ್ಮ (ದಾವಣಗೆರೆ)
ಎಲ್ಲರಿಗೂ ನಮಸ್ಕಾರ. ಮಗಳು 9ನೇ ಕ್ಲಾಸು. ವಿಜ್ಞಾನದಲ್ಲಿ ಪರಮಾಣು ರಚನೆ ಪಾಠ ನಡೆಯುತ್ತಿದೆ. ಕವಚದ ನಂಬರಿನ ವರ್ಗ ಮಾಡಿ ಎರಡರಿಂದ ಗುಣಿಸಿದರೆ ಅದರಲ್ಲಿ ಎಷ್ಟು ಎಲೆಕ್ಟ್ರಾನ್ ಹಿಡಿಯುತ್ತವೆ ಅಂತ ಸಿಗುತ್ತದೆ. ಮೊದಲನೆಯ ಕೆ ಕವಚಕ್ಕೆ 2, ಎಲ್‌ಗೆ 8, ಮೂರನೆಯ ಎಂಗೆ 18, ಎನ್‌ಗೆ 32. ಇಲ್ಲಿವರೆಗೆ ಸರಿ.

ಆರ್ಗಾನ್‌ಗೆ 18 ಎಲೆಕ್ಟ್ರಾನ್: 2,8,8. ಮುಂದಿನದು ಪೊಟ್ಯಾಸಿಯಂ, 19. ಎಂ ಕವಚದಲ್ಲಿ ಇನ್ನೂ 10 ಜಾಗ ಖಾಲಿ ಇದೆ. ಆದರೂ ಪುಸ್ತಕದಲ್ಲಿ 2,8,8,1 ಅಂತ ಇದೆ. ಟ್ಯೂಷನ್‌ನಲ್ಲಿ ಕೇಳಿದರೆ "ಹೊರಗಿನ ಕವಚದಲ್ಲಿ 8ಕ್ಕಿಂತ ಜಾಸ್ತಿ ಇರಬಾರದು, ಅದೇ ರೂಲ್" ಅಂದರಂತೆ. "ಯಾರು ಮಾಡಿದ ರೂಲ್ ಅಮ್ಮಾ?" ಅಂತ ಮನೆಯಲ್ಲಿ ನನ್ನ ತಲೆ ತಿನ್ನುತ್ತಿದ್ದಾಳೆ. ನಾನು ಓದಿದ್ದು ಬಿಕಾಂ. ಯಾರಾದರೂ ಬಿಡಿಸಿ ಹೇಳ್ತೀರಾ?

ಸಿಇಟಿ ಗುರು (ದಾವಣಗೆರೆ)
ಮೇಡಂ, ಕವಚದ ಒಳಗೆ ಉಪಕವಚ ಅಂತ ಇವೆ. ಎಸ್, ಪಿ, ಡಿ, ಎಫ್. ತುಂಬುವ ಕ್ರಮ ಹೀಗೆ: 1ಎಸ್, 2ಎಸ್, 2ಪಿ, 3ಎಸ್, 3ಪಿ, 4ಎಸ್, 3ಡಿ, 4ಪಿ, 5ಎಸ್... ಎಸ್‌ಗೆ 0, ಪಿಗೆ 1, ಡಿಗೆ 2, ಎಫ್‌ಗೆ 3 ಅಂತ ಅಂಕಿ ಕೊಡಿ. ಅದಕ್ಕೆ ಕವಚದ ನಂಬರು ಕೂಡಿಸಿ. 4ಎಸ್‌ಗೆ 4+0=4. 3ಡಿಗೆ 3+2=5. ಮೊತ್ತ ಕಮ್ಮಿ ಇರುವುದು ಮೊದಲು ತುಂಬುತ್ತದೆ. ಅದಕ್ಕೇ 19ನೆಯದು 4ಎಸ್‌ಗೆ ಹೋಯಿತು. ಮುಗೀತು.

9ನೇ ಕ್ಲಾಸಿಗೆ ಇಷ್ಟೂ ಬೇಡ. 2,8,8,1 ಬರೆದರೆ ಫುಲ್ ಮಾರ್ಕ್ಸ್.

ವಿದ್ಯಾನಗರದ ಅಮ್ಮ
ಥ್ಯಾಂಕ್ಸ್ ಸರ್. ಆದರೆ ಒಂದು ರೂಲಿಗೆ ಇನ್ನೊಂದು ರೂಲ್ ಉತ್ತರ ಆಯಿತಲ್ಲ? ಮೊತ್ತ ಕಮ್ಮಿ ಇದ್ದರೆ ಯಾಕೆ ಮೊದಲು ತುಂಬಬೇಕು ಅಂತ ಇವಳು ಶುರು ಮಾಡಿದ್ದಾಳೆ.

ಪಿಯು ಸೆಕೆಂಡ್ ಇಯರ್ (ಹರಿಹರ)
ಆ ತಂಗಿಗೆ ನನ್ನ ಕಡೆಯಿಂದ ಒಂದು ಮಿರ್ಚಿ ಮಂಡಕ್ಕಿ. ಇದೇ ಪ್ರಶ್ನೆ ಕೇಳಿ ನಾನು ಕ್ಲಾಸಲ್ಲಿ ಬೈಸಿಕೊಂಡಿದ್ದೆ.

ಕೋಟೆ ಕೆಳಗಿನ ಮನೆ (ಚಿತ್ರದುರ್ಗ)
ಅಕ್ಕಾ, ನಮ್ಮೂರಿನ ಏಳುಸುತ್ತಿನ ಕೋಟೆ ನೆನೆಸಿಕೊಳ್ಳಿ. ಪರಮಾಣುವಿಗೂ ಅಷ್ಟೇ, ಇಲ್ಲಿವರೆಗೆ ಗೊತ್ತಿರುವ 118 ಧಾತುಗಳಿಗೆ ಏಳೇ ಕವಚ ಸಾಕು. ಒಳಗಿನ ಸುತ್ತು ತುಂಬಿದ ಮೇಲೆ ಹೊರಗಿನ ಸುತ್ತು. ಮೂರನೇ ಸುತ್ತಿನಲ್ಲಿ ಒಂದು ಮೂಲೆ ಸ್ವಲ್ಪ ಎತ್ತರದಲ್ಲಿದೆ, ಅದು 3ಡಿ. ಅಲ್ಲಿಗೆ ಹತ್ತುವುದಕ್ಕಿಂತ ನಾಲ್ಕನೇ ಸುತ್ತಿನ ಬಾಗಿಲ ಹತ್ತಿರ ನಿಲ್ಲುವುದೇ ಸಲೀಸು. ಅದು 4ಎಸ್.

ರಿಟೈರ್ಡ್ ಕೆಮಿಸ್ಟ್ರಿ ಮೇಷ್ಟ್ರು (ಚಿತ್ರದುರ್ಗ)
ಕೋಟೆ ಲೆಕ್ಕ ಹಾಕುವುದಕ್ಕೆ ಚೆನ್ನಾಗಿದೆ. ಆದರೆ ಈ ಪ್ರಶ್ನೆಗೆ ಅದೇ ಅಡ್ಡ ಬರುತ್ತದೆ. ಕೋಟೆಯ ಸುತ್ತು ಕಲ್ಲಿನದು, ಒಳಗೆ ಎಷ್ಟು ಜನ ಸೇರಿದರೂ ಅಲ್ಲಾಡುವುದಿಲ್ಲ. ಪರಮಾಣುವಿನಲ್ಲಿ ಹಾಗಿಲ್ಲ. ನ್ಯೂಕ್ಲಿಯಸ್‌ನಲ್ಲಿ ಒಂದು ಪ್ರೋಟಾನ್ ಹೆಚ್ಚಿದರೆ, ಹೊರಗೆ ಒಂದು ಎಲೆಕ್ಟ್ರಾನ್ ಸೇರಿದರೆ, ಎಲ್ಲ ಮಟ್ಟಗಳೂ ಸರಿದಾಡುತ್ತವೆ. ಎಲ್ಲ ಧಾತುಗಳಿಗೂ ಒಂದೇ ಮೆಟ್ಟಿಲು ಸಾಲು ಇದೆ ಅಂತ ಬೋರ್ಡಿನ ಮೇಲೆ ಬರೆದು ತೋರಿಸುತ್ತೇವಲ್ಲ, ಗೊಂದಲದ ಬೇರು ಅಲ್ಲೇ ಇದೆ.

ತಾಯೀ, ನಿಮ್ಮ ಮಗಳಿಗೆ ಅಳತೆಗಳನ್ನೇ ತೋರಿಸೋಣ. ಒಂದು ಎಲೆಕ್ಟ್ರಾನನ್ನು ಪರಮಾಣುವಿನಿಂದ ಪೂರ್ತಿ ಕಿತ್ತು ಹೊರಗೆ ಹಾಕಲು ಎಷ್ಟು ಶಕ್ತಿ ಬೇಕು ಅಂತ ಅಳೆಯಬಹುದು. ಲೆಕ್ಕ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ. ಚಿಕ್ಕದಾಗಿ ಇ.ವಿ. ಅಂತೀನಿ. ಜಾಸ್ತಿ ಇ.ವಿ. ಬೇಕು ಅಂದರೆ ಎಲೆಕ್ಟ್ರಾನ್ ಗಟ್ಟಿಯಾಗಿ ಕಟ್ಟಿಹಾಕಿಕೊಂಡಿದೆ ಅಂತ ಅರ್ಥ. ಗಟ್ಟಿಯಾಗಿರುವುದನ್ನು ಕೆಳಗಿನ ಮಟ್ಟ ಅಂತೀವಿ, ಸಡಿಲ ಇರುವುದನ್ನು ಮೇಲಿನದು.

ಮೊದಲು ಹೈಡ್ರೋಜನ್. ಇರುವುದೇ ಒಂದು ಎಲೆಕ್ಟ್ರಾನ್. ಅದು ಮೂರನೇ ಕವಚದಲ್ಲಿದ್ದರೆ ಕೀಳಲು 1.51 ಇ.ವಿ. ಬೇಕು. ನಾಲ್ಕನೆಯದರಲ್ಲಿದ್ದರೆ 0.85 ಸಾಕು. 3ಎಸ್, 3ಪಿ, 3ಡಿ ಮೂರಕ್ಕೂ ಹೆಚ್ಚುಕಮ್ಮಿ ಅದೇ 1.51. ಅಂದರೆ ಹೈಡ್ರೋಜನ್‌ನಲ್ಲಿ 3ಡಿ ಕೆಳಗಿದೆ, 4ಎಸ್ ಮೇಲಿದೆ. ಅಲ್ಲಿ ನಿಮ್ಮ ಮಗಳು ಹೇಳುವ ಕ್ರಮವೇ ಸರಿ.

ಈಗ ಪೊಟ್ಯಾಸಿಯಂ. ನ್ಯೂಕ್ಲಿಯಸ್‌ನಲ್ಲಿ 19 ಪ್ರೋಟಾನ್. ಒಳಗಿನ 18 ಎಲೆಕ್ಟ್ರಾನ್ ಅದನ್ನು ಮರೆ ಮಾಡಿವೆ. 19ನೆಯದನ್ನು 3ಡಿಯಲ್ಲಿ ಇಟ್ಟರೆ ಎಷ್ಟು ಗಟ್ಟಿಯಾಗಿರುತ್ತದೆ? ಅಳತೆ ಮಾಡಿದ್ದಾರೆ, 1.67 ಇ.ವಿ. ಹೈಡ್ರೋಜನ್‌ನ 1.51ಕ್ಕೆ ಎಷ್ಟು ಹತ್ತಿರ ನೋಡಿ. 19 ಪ್ರೋಟಾನ್ ಇದ್ದರೂ 3ಡಿ ಎಲೆಕ್ಟ್ರಾನಿಗೆ ಅದರ ಸುಖ ಇಲ್ಲ. ಅದಕ್ಕೆ ಕಾಣುವುದು 19ರಲ್ಲಿ 18 ಕಳೆದು ಉಳಿದ ಒಂದೇ ಒಂದು.

4ಎಸ್‌ನಲ್ಲಿ ಇಟ್ಟರೆ? 4.34 ಇ.ವಿ. ಹೈಡ್ರೋಜನ್‌ನಲ್ಲಿ ಇದೇ 4ಎಸ್‌ಗೆ ಬರೀ 0.85 ಇತ್ತು. ಐದು ಪಟ್ಟು ಆಯಿತು.

ಕಾರಣ ಇಷ್ಟೇ. ಎಸ್ ಎಲೆಕ್ಟ್ರಾನ್ ಹೆಚ್ಚು ಹೊತ್ತು ಹೊರಗಿದ್ದರೂ ನ್ಯೂಕ್ಲಿಯಸ್‌ನ ಪಕ್ಕದವರೆಗೂ ಸಿಗುವ ಸಾಧ್ಯತೆ ಸ್ವಲ್ಪ ಇದೆ. ಮರೆ ಮಾಡಿದ 18 ಎಲೆಕ್ಟ್ರಾನ್‌ಗಳನ್ನು ದಾಟಿ ಒಳಗೆ ಹೋದಾಗ ಅದಕ್ಕೆ ಪೂರ್ತಿ ಸೆಳೆತ ಸಿಗುತ್ತದೆ. ಆ ಸ್ವಲ್ಪವೇ ಸಾಕು. ಡಿ ಎಲೆಕ್ಟ್ರಾನಿಗೆ ತಿರುಗುವ ರಭಸ ಜಾಸ್ತಿ, ಒಳಗೆ ನುಗ್ಗಲು ಆಗುವುದಿಲ್ಲ. ಹಾಗಾಗಿ ಪೊಟ್ಯಾಸಿಯಂನಲ್ಲಿ 4ಎಸ್ ಗೆದ್ದಿತು. ಯಾರೂ ರೂಲ್ ಮಾಡಲಿಲ್ಲ.

ವಿದ್ಯಾನಗರದ ಅಮ್ಮ
ಮೇಷ್ಟ್ರೇ, 1.51 ಮತ್ತು 1.67 ಓದಿ ಮಗಳು "ಓ!" ಅಂದಳು. ಇಷ್ಟು ದಿನದಲ್ಲಿ ಮೊದಲ ಓ.

ಒಂದು ಸಣ್ಣ ಪ್ರಶ್ನೆ. ಎಸ್‌ನಲ್ಲಿ ಎಷ್ಟು, ಪಿಯಲ್ಲಿ ಎಷ್ಟು ಅಂತ ಹೇಗೆ ಗೊತ್ತು? 8 ಅನ್ನೋ ಅಂಕಿ ಎಲ್ಲಿಂದ ಬಂತು?

ರಿಟೈರ್ಡ್ ಕೆಮಿಸ್ಟ್ರಿ ಮೇಷ್ಟ್ರು
ಎಸ್‌ನಲ್ಲಿ ಒಂದು ಕಕ್ಷಕ (ಎಲೆಕ್ಟ್ರಾನ್ ಇರುವ ಜಾಗ), ಪಿಯಲ್ಲಿ ಮೂರು, ಡಿಯಲ್ಲಿ ಐದು, ಎಫ್‌ನಲ್ಲಿ ಏಳು. ಒಂದು ಕಕ್ಷಕದಲ್ಲಿ ಎರಡೇ ಎಲೆಕ್ಟ್ರಾನ್, ಅವೂ ಎದುರುಬದರು ಸ್ಪಿನ್ (ಎಲೆಕ್ಟ್ರಾನಿನ ಒಂದು ಗುಣ, ಅದಕ್ಕೆ ಎರಡೇ ದಿಕ್ಕು) ಇರಬೇಕು. ಪೌಲಿ ಇದನ್ನು ಹೇಳಿದ್ದು 1925ರಲ್ಲಿ. ಬೋರ್ ಕಕ್ಷೆಗಳ ಚಿತ್ರ ಕೊಟ್ಟು ಆಗಲೇ 12 ವರ್ಷ ಆಗಿತ್ತು.

ಎಸ್ 2, ಪಿ 6, ಸೇರಿದರೆ 8. ಡಿ 10 ಸೇರಿಸಿ, 18. ಎಫ್ 14 ಸೇರಿಸಿ, 32. ಪುಸ್ತಕದ ಸೂತ್ರ ಕೊಡುವ ಅಂಕಿಗಳೇ ಇವು. ಹೊರಗಿನ ಕವಚದ 8 ಅಂದರೆ ಬೇರೇನಲ್ಲ, ಅಲ್ಲಿನ ಎಸ್ ಮತ್ತು ಪಿ ತುಂಬಿವೆ ಅಂತ. ಡಿ ಶುರುವಾಗುವ ಮೊದಲೇ ಮುಂದಿನ ಕವಚದ ಎಸ್ ತುಂಬಿಬಿಡುತ್ತದೆ. ಆಗ ಹಳೆಯ ಕವಚ ಹೊರಗಿನದಾಗಿ ಉಳಿಯುವುದೇ ಇಲ್ಲ. "8ಕ್ಕಿಂತ ಜಾಸ್ತಿ ಇರಬಾರದು" ಅನ್ನುವುದು ಇದರಿಂದ ಹುಟ್ಟಿದ ಮಾತು. ಅದು ಕಾರಣ ಅಲ್ಲ, ಪರಿಣಾಮ.

ಚನ್ನಗಿರಿ ತೋಟ
ಸುಮ್ನೆ ಓದುತ್ತಾ ಇದ್ದೆ. ಪೊಟ್ಯಾಸಿಯಂ ಅಂದರೆ ನಮ್ಮ ಗೊಬ್ಬರದ ಪೊಟ್ಯಾಷ್ ತಾನೆ? ಅಡಿಕೆಗೆ ಹಾಕುವ ಕೆಂಪು ಪೊಟ್ಯಾಷ್ ಮನೆಯಲ್ಲಿ ಮೂಟೆ ಇದೆ. ಅದರ 19ನೇ ಎಲೆಕ್ಟ್ರಾನ್ ಎಲ್ಲಿದೆ ಅಂತ ನಾವು ನೋಡುವ ದಾರಿ ಏನಾದರೂ ಉಂಟಾ ಮೇಷ್ಟ್ರೇ?

ರಿಟೈರ್ಡ್ ಕೆಮಿಸ್ಟ್ರಿ ಮೇಷ್ಟ್ರು
ಉಂಟು ಗೌಡ್ರೇ. ಗೊಬ್ಬರದಲ್ಲಿ ಪೊಟ್ಯಾಸಿಯಂ ಆ ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಟ್ಟು ಕೂತಿರುತ್ತದೆ. ಬೆಂಕಿಯ ಬಿಸಿಯಲ್ಲಿ ಸ್ವಲ್ಪ ಮಟ್ಟಿಗೆ ಬಿಡಿ ಪರಮಾಣು ಆಗುತ್ತದೆ. ಆಗ 4ಎಸ್ ಎಲೆಕ್ಟ್ರಾನ್ 4ಪಿಗೆ ಹಾರಿ ವಾಪಸ್ ಬೀಳುತ್ತದೆ. ಆ ಎರಡರ ನಡುವೆ 1.61 ಇ.ವಿ. ಅಷ್ಟು ಶಕ್ತಿಯ ಬೆಳಕು ಅಂದರೆ ತರಂಗಾಂತರ 767 ಮತ್ತು 770 ನ್ಯಾನೋಮೀಟರ್ ಹತ್ತಿರ, ಕಡು ಕೆಂಪು, ಕಣ್ಣಿಗೆ ಕಂಡೂ ಕಾಣದ ಹಾಗೆ. ಅದರ ಜೊತೆ 404ರಲ್ಲಿ ಒಂದು ನೇರಳೆ ಗೆರೆ, ಅದು 5ಪಿಯಿಂದ 4ಎಸ್‌ಗೆ ಬಿದ್ದದ್ದು. ಎರಡೂ ಸೇರಿ ತಿಳಿ ನೇರಳೆ ಜ್ವಾಲೆ.

ಮಾಡುವುದಾದರೆ ಹರಳನ್ನು ನೇರ ಬೆಂಕಿಗೆ ಹಾಕಬೇಡಿ, ಒಳಗಿನ ತೇವಕ್ಕೆ ಚಟಪಟ ಸಿಡಿಯುತ್ತದೆ. ಪುಡಿ ಮಾಡಿ ಸ್ವಲ್ಪ ನೀರಲ್ಲಿ ಕರಗಿಸಿ. ಹಳೆ ಹೀಟರ್ ಕಾಯಿಲ್ ತುಂಡು ಇದ್ದರೆ ಸಾಕು, ಅದರ ತುದಿ ಬಗ್ಗಿಸಿ, ನೀರಲ್ಲಿ ಅದ್ದಿ, ಗ್ಯಾಸ್ ಒಲೆಯ ನೀಲಿ ಜ್ವಾಲೆಯ ಅಂಚಿಗೆ ಹಿಡಿಯಿರಿ. ಇಕ್ಕಳದಲ್ಲಿ ಹಿಡಿಯಿರಿ, ಕೈಯಲ್ಲಲ್ಲ. ಕನ್ನಡಕ ಹಾಕಿಕೊಳ್ಳಿ. ಮೊದಲು ಹಳದಿ ಕಾಣುತ್ತದೆ, ಅದು ಜೊತೆಗಿರುವ ಉಪ್ಪಿನ ಸೋಡಿಯಂ, 589 ನ್ಯಾನೋಮೀಟರ್. ಸೋಡಿಯಂ ಎಲ್ಲಿದ್ದರೂ ಬಾಯಿ ಜಾಸ್ತಿ. ಕಾಲೇಜು ಲ್ಯಾಬಿನ ಕೋಬಾಲ್ಟ್ ಗಾಜು ಅಡ್ಡ ಹಿಡಿದರೆ ಹಳದಿ ಮರೆಯಾಗಿ ನೇರಳೆ ಉಳಿಯುತ್ತದೆ.

ಅಂದ ಹಾಗೆ ಪೊಟ್ಯಾಷ್‌ನ ಆ ಕೆಂಪು ಪೊಟ್ಯಾಸಿಯಂದಲ್ಲ. ಅದರೊಳಗೆ ಬೆರೆತ ಕಬ್ಬಿಣದ ಆಕ್ಸೈಡ್‌ನದು.

ಪಿಯು ಸೆಕೆಂಡ್ ಇಯರ್ (ಹರಿಹರ)
ಸರ್, ಪೊಟ್ಯಾಸಿಯಂ ಒಪ್ಪಿದೆ. ನನ್ನ ತಲೆನೋವು ಬೇರೆ. ಕಬ್ಬಿಣಕ್ಕೆ 26. ವಿನ್ಯಾಸ 3ಡಿ⁶ 4ಎಸ್², ಅಂದರೆ 3ಡಿಯಲ್ಲಿ ಆರು, 4ಎಸ್ಸಲ್ಲಿ ಎರಡು. 4ಎಸ್ ಮೊದಲು ತುಂಬಿತು, ಅಂದರೆ ಅದು ಕೆಳಗಿದೆ. ಹಾಗಿದ್ದ ಮೇಲೆ ಎಲೆಕ್ಟ್ರಾನ್ ಕಳೆದುಕೊಳ್ಳುವಾಗ ಮೇಲಿರುವ 3ಡಿಯದು ಮೊದಲು ಹೋಗಬೇಕು ಅಲ್ವಾ? ಆದರೆ ಎರಡು ಕಳೆದರೆ 3ಡಿ⁶ ಉಳಿಯುತ್ತದೆ ಅಂತಾರೆ. 4ಎಸ್ ಮೊದಲು ಬಂದು ಮೊದಲು ಹೋಗುವುದು ಯಾವ ನ್ಯಾಯ?

ಸಿಇಟಿ ಗುರು
ತಮ್ಮಾ, "ತುಂಬುವಾಗ 4ಎಸ್ ಮೊದಲು, ತೆಗೆಯುವಾಗಲೂ 4ಎಸ್ ಮೊದಲು" ಅಂತ ಇಟ್ಟುಕೋ. ತೆಗೆಯುವಾಗ ಹೊರಗಿನ ಕವಚದಿಂದ ತೆಗೆಯಬೇಕು. ಪರೀಕ್ಷೆಯಲ್ಲಿ ತುಂಬಾ ಸಲ ಕೇಳುತ್ತಾರೆ. ಅಲ್ಲಿ ಕೂತು ಯೋಚನೆ ಮಾಡಲು ಟೈಮ್ ಇರಲ್ಲ.

ಶಿವಗಂಗೋತ್ರಿ ಎಂಎಸ್ಸಿ (ದಾವಣಗೆರೆ)
ಗುರುಗಳೇ, ನೀವು ಹೇಳಿದ್ದು ಮಾರ್ಕ್ಸಿಗೆ ಸಾಕು. ಆದರೆ ಅವನ ಅನುಮಾನ ನ್ಯಾಯವಾದದ್ದು. "ಮೊದಲು ತುಂಬಿತು" ಅನ್ನುವ ಮಾತೇ ಎಡವಟ್ಟು. ಕಬ್ಬಿಣದ ಪರಮಾಣುವನ್ನು ಯಾರೂ ಒಂದೊಂದೇ ಎಲೆಕ್ಟ್ರಾನ್ ಸೇರಿಸಿ ಕಟ್ಟಿಲ್ಲ. ಪೊಟ್ಯಾಸಿಯಂನಲ್ಲಿ ಯಾವುದು ಕೆಳಗಿತ್ತೋ ಅದೇ ಕಬ್ಬಿಣದಲ್ಲೂ ಕೆಳಗಿದೆ ಅಂತ ಊಹಿಸಿಕೊಂಡಿದ್ದೇವೆ. ಮೇಷ್ಟ್ರು ಆಗಲೇ ಹೇಳಿದರು, ಮಟ್ಟಗಳು ಸರಿದಾಡುತ್ತವೆ ಅಂತ. ಎಲ್ಲಿ ಸರಿದವು ಅಂತ ನೋಡೋಣ.

19 ಎಲೆಕ್ಟ್ರಾನ್ ಇರುವ ಮೂರು ತಗೊಳ್ಳಿ. ಒಂದು ಪೊಟ್ಯಾಸಿಯಂ. ಎರಡನೆಯದು ಒಂದು ಎಲೆಕ್ಟ್ರಾನ್ ಕಳೆದುಕೊಂಡ ಕ್ಯಾಲ್ಸಿಯಂ (ಹೀಗೆ ಕಳೆದುಕೊಂಡದ್ದನ್ನು ಅಯಾನು ಅಂತಾರೆ). ಮೂರನೆಯದು ಎರಡು ಕಳೆದುಕೊಂಡ ಸ್ಕ್ಯಾಂಡಿಯಂ. ಮೂರರಲ್ಲೂ ಒಳಗೆ ಅದೇ ಆರ್ಗಾನ್‌ನ 18, ಹೊರಗೆ ಒಂದು. ಬೇರೆ ಇರುವುದು ಪ್ರೋಟಾನ್ ಸಂಖ್ಯೆ ಮಾತ್ರ: 19, 20, 21.

ಪೊಟ್ಯಾಸಿಯಂನಲ್ಲಿ 4ಎಸ್ ಕೆಳಗೆ, 3ಡಿ ಅದಕ್ಕಿಂತ 2.67 ಇ.ವಿ. ಮೇಲೆ. (ಮೇಷ್ಟ್ರ 4.34ರಲ್ಲಿ 1.67 ಕಳೆಯಿರಿ, ಅದೇ ಬರುತ್ತದೆ.) ಕ್ಯಾಲ್ಸಿಯಂ ಅಯಾನಿನಲ್ಲೂ 4ಎಸ್ಸೇ ಕೆಳಗೆ, ಆದರೆ ಅಂತರ 1.69ಕ್ಕೆ ಇಳಿದಿದೆ. ಸ್ಕ್ಯಾಂಡಿಯಂ ಅಯಾನಿಗೆ ಬಂದಾಗ ತಿರುಗಿಬಿದ್ದಿದೆ: 3ಡಿ ಕೆಳಗೆ, 4ಎಸ್ ಅದಕ್ಕಿಂತ 3.17 ಮೇಲೆ! ಅಂದರೆ ಎರಡು ಕಳೆದುಕೊಂಡ ಸ್ಕ್ಯಾಂಡಿಯಂನ ಆ ಒಂದು ಎಲೆಕ್ಟ್ರಾನ್ ಇರುವುದು 3ಡಿಯಲ್ಲಿ. 2,8,9. ನಮ್ಮ 9ನೇ ಕ್ಲಾಸಿನ ತಂಗಿ ಕೇಳಿದ ವಿನ್ಯಾಸ ಇದೆಯಲ್ಲ, ಅದು ನಿಜವಾಗಿ ಸಿಗುವುದು ಇಲ್ಲಿ.

ಪ್ರೋಟಾನ್ ಹೆಚ್ಚಿದಂತೆ 3ಡಿ ಒಳಕ್ಕೆ ಕುಗ್ಗುತ್ತದೆ. ಒಮ್ಮೆ ಆರ್ಗಾನ್ ಗುಂಪಿನ ಒಳಗೆ ನುಸುಳಿದ ಮೇಲೆ ಅದಕ್ಕೂ ಸೆಳೆತ ಸಿಗುತ್ತದೆ, ಧಡ್ ಅಂತ ಕೆಳಗಿಳಿಯುತ್ತದೆ. ಸ್ಕ್ಯಾಂಡಿಯಂನಿಂದ ಮುಂದೆ "4ಎಸ್ ಕೆಳಗಿದೆ" ಅನ್ನುವ ಮಾತಿಗೆ ಆಧಾರ ಇಲ್ಲ. ಕಬ್ಬಿಣದಲ್ಲಿ ಕೀಳಲು ಸುಲಭ ಇರುವುದು 4ಎಸ್. ಅದಕ್ಕೇ ಅದು ಮೊದಲು ಹೋಗುತ್ತದೆ. ಅನ್ಯಾಯ ಏನೂ ಆಗಿಲ್ಲ.

ಪಿಯು ಸೆಕೆಂಡ್ ಇಯರ್ (ಹರಿಹರ)
ಅಕ್ಕಾ, ತಾಳಿ. 3ಡಿಯೇ ಕೆಳಗೆ ಅಂದರೆ ಸ್ಕ್ಯಾಂಡಿಯಂ ಪರಮಾಣುವಿನ ಮೂರೂ ಎಲೆಕ್ಟ್ರಾನ್ 3ಡಿಯಲ್ಲೇ ಇರಬೇಕಿತ್ತು. 3ಡಿ³. ಪುಸ್ತಕದಲ್ಲಿ 3ಡಿ¹ 4ಎಸ್² ಇದೆಯಲ್ಲ?

ಶಿವಗಂಗೋತ್ರಿ ಎಂಎಸ್ಸಿ
ಪುಸ್ತಕ ಸರಿ ಇದೆ. ಎಲೆಕ್ಟ್ರಾನ್‌ಗಳು ಒಂದನ್ನೊಂದು ತಳ್ಳುತ್ತವೆ, ಅದನ್ನು ಲೆಕ್ಕಕ್ಕೆ ತಗೋ. 3ಡಿ ಕಕ್ಷಕಗಳು ಚಿಕ್ಕವು, ಇಕ್ಕಟ್ಟು. 4ಎಸ್ ದೊಡ್ಡದು, ಹರಡಿಕೊಂಡದ್ದು. ಮೊದಲನೆಯದು 3ಡಿಗೆ ಹೋಯಿತು. ಎರಡನೆಯದನ್ನೂ ಅದೇ ಇಕ್ಕಟ್ಟಿಗೆ ತುರುಕಿದರೆ ತಳ್ಳಾಟ ಜಾಸ್ತಿ. ಅದರ ಬದಲು ಸ್ವಲ್ಪ ಮೇಲಿದ್ದರೂ 4ಎಸ್‌ನಲ್ಲಿ ಇದ್ದರೆ ಒಟ್ಟು ಖರ್ಚು ಕಮ್ಮಿ. ಒಂದು ಎಲೆಕ್ಟ್ರಾನ್ ಕಳೆದುಕೊಂಡ ಸ್ಕ್ಯಾಂಡಿಯಂ 3ಡಿ¹ 4ಎಸ್¹ ಆಗಿರುತ್ತದೆ. ಪೂರ್ತಿ ಪರಮಾಣು 3ಡಿ¹ 4ಎಸ್². ಸಾಲಾಗಿ ನೋಡಿದರೆ ಮೊದಲು ಬಂದದ್ದು 3ಡಿ, ಆಮೇಲೆ ಎರಡು 4ಎಸ್. ಹೋಗುವಾಗ ಕೊನೆಗೆ ಬಂದ 4ಎಸ್ ಮೊದಲು. ಎರಡೂ ಕಡೆ ಲೆಕ್ಕ ಕೂಡಿತು ಅಲ್ವಾ?

ಪರಮಾಣು ನೋಡುವುದು ಇಡೀ ಮನೆಯ ಖರ್ಚನ್ನು, ಒಂದು ಎಲೆಕ್ಟ್ರಾನಿನ ಖರ್ಚನ್ನಲ್ಲ. ಇಡೀ ಚರ್ಚೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಇದೊಂದೇ.

ರಿಟೈರ್ಡ್ ಕೆಮಿಸ್ಟ್ರಿ ಮೇಷ್ಟ್ರು
ಭೇಷ್ ಮಗಳೇ. ಆ ಕ್ಯಾಲ್ಸಿಯಂ ಅಯಾನಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಸೂರ್ಯನ ಬೆಳಕನ್ನು ಬಿಡಿಸಿ ನೋಡಿದರೆ ನೇರಳೆ ತುದಿಯಲ್ಲಿ ಎರಡು ದಪ್ಪ ಕಪ್ಪು ಗೆರೆ ಇವೆ, 393.4 ಮತ್ತು 396.8 ನ್ಯಾನೋಮೀಟರ್. ಅವು ಇದೇ 19 ಎಲೆಕ್ಟ್ರಾನಿನ ಕ್ಯಾಲ್ಸಿಯಂನವು, 4ಎಸ್‌ನಿಂದ 4ಪಿಗೆ ಹಾರಿದ್ದು. ಸೂರ್ಯನ ಹೊರ ಪದರದಲ್ಲಿ ಕ್ಯಾಲ್ಸಿಯಂ ಯಾಕೆ ಅಯಾನು ಆಗಿರುತ್ತದೆ ಅಂತ 1920ರಲ್ಲಿ ಲೆಕ್ಕ ಹಾಕಿ ತೋರಿಸಿದವರು ನಮ್ಮ ಮೇಘನಾದ ಸಹಾ. ಶಾಖ ಎಷ್ಟು, ಒತ್ತಡ ಎಷ್ಟು, ಎಲೆಕ್ಟ್ರಾನ್ ಕೀಳಲು ಎಷ್ಟು ಇ.ವಿ. ಬೇಕು, ಇಷ್ಟು ಗೊತ್ತಿದ್ದರೆ ಎಷ್ಟು ಪಾಲು ಅಯಾನು ಆಗುತ್ತದೆ ಅಂತ ಸಿಗುತ್ತದೆ. ಪಾಠದಲ್ಲಿ ಅವರ ಹೆಸರು ಈ ಜಾಗದಲ್ಲಿ ಬರುವುದಿಲ್ಲ. ಬರಬೇಕಿತ್ತು.

ಚನ್ನಗಿರಿ ತೋಟ
ನೇರಳೆ ಕಂಡಿತು! ಹಳದಿಯ ಸುತ್ತ ಸ್ವಲ್ಪ, ಅಂಚಿನಲ್ಲಿ. ರಾತ್ರಿ ಲೈಟ್ ಆರಿಸಿ ನೋಡಿದ್ದು. ಮನೆಯವಳು "ಒಲೆ ಮೇಲೆ ಗೊಬ್ಬರ ಯಾಕೆ ತಂದ್ರಿ" ಅಂತ ರೇಗಿದಳು, ಅದು ಬೇರೆ ವಿಷಯ.

ಇನ್ನೊಂದು ಕೇಳಲಾ? ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತ ತರುತ್ತೇವೆ, ಅಚ್ಚ ನೀಲಿ. ಗದ್ದೆಗೆ ಜಿಂಕ್ ಸಲ್ಫೇಟ್ ಹಾಕುತ್ತೇವೆ, ಬಿಳಿ. ಎಲೆ ಹಳದಿ ಆದರೆ ಅನ್ನಭೇದಿ ಹೊಡೆಯುತ್ತೇವೆ, ತಿಳಿ ಹಸಿರು. ಮೂರೂ ಸಲ್ಫೇಟೇ. ಬಣ್ಣ ಮಾತ್ರ ಯಾಕೆ ಬೇರೆ ಬೇರೆ? ಇದಕ್ಕೂ ಎಲೆಕ್ಟ್ರಾನ್ ಜೋಡಣೆಗೂ ಸಂಬಂಧ ಇದೆಯಾ?

ಶಿವಗಂಗೋತ್ರಿ ಎಂಎಸ್ಸಿ
ಅಣ್ಣಾ, ನೇರ ಸಂಬಂಧ ಇದೆ. ಮೈಲುತುತ್ತದಲ್ಲಿ ತಾಮ್ರ ಎರಡು ಎಲೆಕ್ಟ್ರಾನ್ ಕಳೆದುಕೊಂಡಿದೆ, 3ಡಿ⁹. ಹತ್ತರಲ್ಲಿ ಒಂದು ಜಾಗ ಖಾಲಿ. ಜಿಂಕ್‌ನಲ್ಲಿ 3ಡಿ¹⁰, ಭರ್ತಿ. ಅನ್ನಭೇದಿಯ ಕಬ್ಬಿಣದಲ್ಲಿ 3ಡಿ⁶, ನಾಲ್ಕು ಜಾಗ ಖಾಲಿ.

ಒಂಟಿ ಅಯಾನಿನಲ್ಲಿ ಐದು ಡಿ ಕಕ್ಷಕಗಳೂ ಒಂದೇ ಮಟ್ಟದಲ್ಲಿರುತ್ತವೆ. ಸುತ್ತ ನೀರಿನ ಅಣುಗಳು ಬಂದು ಕೂತಾಗ ಕೆಲವು ಮೇಲಕ್ಕೆ, ಕೆಲವು ಕೆಳಕ್ಕೆ ಒಡೆಯುತ್ತವೆ. ಮೈಲುತುತ್ತದಲ್ಲಿ ಮೇಲಿನ ಒಂದು ಜಾಗ ಖಾಲಿ ಇರುವುದರಿಂದ ಕೆಳಗಿನ ಎಲೆಕ್ಟ್ರಾನ್ ಅಲ್ಲಿಗೆ ಹಾರಬಹುದು. ಹಾರಲು ಕೆಂಪು ಕಡೆಯ ಬೆಳಕನ್ನು ನುಂಗುತ್ತದೆ. ಉಳಿದು ನಮ್ಮ ಕಣ್ಣಿಗೆ ಬರುವುದು ನೀಲಿ. ಜಿಂಕ್‌ನಲ್ಲಿ ಹಾರಲು ಜಾಗವೇ ಇಲ್ಲ. ಬೆಳಕು ನುಂಗಲ್ಲ, ಬಿಳಿ.

ಮೈಲುತುತ್ತದ ಒಂದು ಚೂರನ್ನು ಹಳೆ ತಗಡಿನ ಮೇಲೆ ಇಟ್ಟು ಚೆನ್ನಾಗಿ ಕಾಯಿಸಿದರೆ ಬಿಳಿ ಪುಡಿ ಆಗುತ್ತದೆ. (ಅಡುಗೆ ಪಾತ್ರೆ ಬೇಡ, ಅದು ವಿಷ.) 3ಡಿ⁹ ಹಾಗೇ ಇದೆ, ಸುತ್ತ ಇದ್ದ ನೀರು ಮಾತ್ರ ಹೋಯಿತು. ಆರಿದ ಮೇಲೆ ಒಂದು ಹನಿ ನೀರು ಬಿಡಿ, ಮತ್ತೆ ನೀಲಿ. ಅಂದರೆ ಖಾಲಿ ಜಾಗವೂ ಬೇಕು, ಸುತ್ತ ನೀರೂ ಬೇಕು.

ಚನ್ನಗಿರಿ ತೋಟ
ಅನ್ನಭೇದಿ ಚೀಲ ಬಾಯಿ ಬಿಚ್ಚಿಟ್ಟರೆ ಹಳದಿ-ಕಂದು ಆಗಿಬಿಡುತ್ತದಲ್ಲ?

ಶಿವಗಂಗೋತ್ರಿ ಎಂಎಸ್ಸಿ
ಗಾಳಿ ತಾಗಿ ಕಬ್ಬಿಣ ಇನ್ನೊಂದು ಎಲೆಕ್ಟ್ರಾನ್ ಕಳೆದುಕೊಂಡಿತು. 3ಡಿ⁶ ಹೋಗಿ 3ಡಿ⁵ ಆಯಿತು. ಆ ಕಂದು ಬಂದದ್ದು ಗಿಡಕ್ಕೆ ಅಷ್ಟಾಗಿ ದಕ್ಕಲ್ಲ ಅಣ್ಣ, ಚೀಲದ ಬಾಯಿ ಕಟ್ಟಿಡಿ.

ಸಿಇಟಿ ಗುರು
ನೋಡಿ, ಇಲ್ಲಿ ನನ್ನ ಪಾಯಿಂಟ್ ಬಂತು. 3ಡಿ⁵ ಅಂದರೆ ಅರ್ಧ ಭರ್ತಿ. ಅರ್ಧ ಭರ್ತಿ, ಪೂರ್ತಿ ಭರ್ತಿ ಎರಡಕ್ಕೂ ಸ್ಥಿರತೆ ಜಾಸ್ತಿ. ಅದಕ್ಕೇ ಕ್ರೋಮಿಯಂ 3ಡಿ⁵ 4ಎಸ್¹, ತಾಮ್ರ 3ಡಿ¹⁰ 4ಎಸ್¹.

ಇಂಗಳದಾಳ್ ಕಲ್ಲು (ಚಿತ್ರದುರ್ಗ)
ಗುರುಗಳೇ, ಭರ್ತಿ ಇದ್ದರೆ ಅಷ್ಟು ಗಟ್ಟಿ ಅಂದ ಮೇಲೆ ತಾಮ್ರ ಒಂದೇ ಎಲೆಕ್ಟ್ರಾನ್ ಬಿಟ್ಟು 3ಡಿ¹⁰ ಆಗಿ ಸುಮ್ಮನಿರಬೇಕಿತ್ತು. ಮೈಲುತುತ್ತದಲ್ಲಿ ಎರಡು ಬಿಟ್ಟು 3ಡಿ⁹ ಯಾಕಾಯಿತು? ನಮ್ಮ ಇಂಗಳದಾಳ್ ಗಣಿಯ ತಾಮ್ರದ ಅದಿರು ನೀಲಿ ಇಲ್ಲ, ಹಿತ್ತಾಳೆ ಬಣ್ಣ. ಅದರಲ್ಲಿ ಎಷ್ಟು?

ಶಿವಗಂಗೋತ್ರಿ ಎಂಎಸ್ಸಿ
ಒಳ್ಳೇ ಕಡೆ ಹಿಡಿದಿರಿ. ಆ ಅದಿರು ಚಾಲ್ಕೋಪೈರೈಟ್. ತಾಮ್ರ, ಕಬ್ಬಿಣ, ಗಂಧಕ ಸೇರಿದ್ದು. ಅದರಲ್ಲಿ ತಾಮ್ರವನ್ನು ಸಾಮಾನ್ಯವಾಗಿ +1 (ಒಂದು ಎಲೆಕ್ಟ್ರಾನ್ ಕಳೆದುಕೊಂಡದ್ದು) ಅಂತಲೇ ಲೆಕ್ಕ ಹಾಕುತ್ತಾರೆ, 3ಡಿ¹⁰. ಆ ಹೊಳಪು ಒಂಟಿ ತಾಮ್ರದ್ದಲ್ಲ, ಇಡೀ ಹರಳಿನ ಎಲೆಕ್ಟ್ರಾನ್‌ಗಳದ್ದು. ಅದೇ ಅದಿರು ಮಳೆ ಗಾಳಿಗೆ ಸಿಕ್ಕ ಕಡೆ ಹಸಿರು ಕಲೆ ಬಿಡುತ್ತದೆ, ಅದು +2 ತಾಮ್ರ.

ನೀರಿನಲ್ಲಿ +2 ಯಾಕೆ ಗೆಲ್ಲುತ್ತದೆ ಅಂದರೆ, ಎರಡನೇ ಎಲೆಕ್ಟ್ರಾನ್ ಕೀಳುವ ಖರ್ಚು ದೊಡ್ಡದಾದರೂ, ಚಿಕ್ಕದಾದ +2 ಅಯಾನನ್ನು ನೀರಿನ ಅಣುಗಳು ಬಿಗಿಯಾಗಿ ಸುತ್ತುವರಿದಾಗ ವಾಪಸ್ ಬರುವ ಶಕ್ತಿ ಇನ್ನೂ ದೊಡ್ಡದು. ಮತ್ತೆ ಒಟ್ಟು ಲೆಕ್ಕವೇ.

ಗುರುಗಳೇ, ಅರ್ಧ ಭರ್ತಿ ಮಾತು ಪೂರ್ತಿ ಸುಳ್ಳಲ್ಲ. ಒಂದೇ ಕಡೆ ಸ್ಪಿನ್ ಇರುವ ಎಲೆಕ್ಟ್ರಾನ್‌ಗಳು ಒಂದರಿಂದ ಒಂದು ದೂರ ಇರುತ್ತವೆ, ತಳ್ಳಾಟ ಕಮ್ಮಿ. ಕಕ್ಷಕಗಳಲ್ಲಿ ಮೊದಲು ಒಂದೊಂದೇ, ಒಂದೇ ಕಡೆ ಸ್ಪಿನ್ ಆಗಿ ತುಂಬುತ್ತವೆ ಅನ್ನುವ ಹುಂಡ್ ನಿಯಮದ ಒಳಗಿರುವುದೂ ಇದೇ. ಆದರೆ ಅದನ್ನೇ ಮಂತ್ರ ಮಾಡಿಕೊಂಡರೆ ಕೈ ಕೊಡುತ್ತದೆ. ಕ್ರೋಮಿಯಂ ಕೆಳಗಿನ ಮಾಲಿಬ್ಡಿನಂ 4ಡಿ⁵ 5ಎಸ್¹, ಸರಿ. ಅದರ ಕೆಳಗಿನ ಟಂಗ್‌ಸ್ಟನ್ 5ಡಿ⁴ 6ಎಸ್². ಅರ್ಧ ಭರ್ತಿ ಆಗುವ ಅವಕಾಶ ಇದ್ದರೂ ಆಗಲಿಲ್ಲ. ನಯೋಬಿಯಂ 4ಡಿ⁴ 5ಎಸ್¹. ಅದು ಅರ್ಧವೂ ಅಲ್ಲ, ಪೂರ್ತಿಯೂ ಅಲ್ಲ, ಆದರೂ ಎಸ್‌ನಿಂದ ಒಂದು ಡಿಗೆ ಹೋಗಿದೆ. ಇದಕ್ಕೆ ಮಂತ್ರದಲ್ಲಿ ಉತ್ತರ ಇಲ್ಲ.

ಸಿಇಟಿ ಗುರು
ನಯೋಬಿಯಂ ಯಾರೂ ಕೇಳಲ್ಲ ಬಿಡಿ ಮೇಡಂ 😄 ಕ್ರೋಮಿಯಂ, ತಾಮ್ರ ಎರಡು ಬಾಯಿಪಾಠ ಇದ್ದರೆ ನನ್ನ ಹುಡುಗರು ಪಾಸು. ಆದರೆ 19 ಎಲೆಕ್ಟ್ರಾನಿನ ಆ ಮೂರು ಉದಾಹರಣೆ ನಾಳೆ ಕ್ಲಾಸಲ್ಲಿ ಹೇಳುತ್ತೇನೆ. ಅದು ಚೆನ್ನಾಗಿದೆ.

ಕೋಟೆ ಕೆಳಗಿನ ಮನೆ (ಚಿತ್ರದುರ್ಗ)
ಮೇಷ್ಟ್ರೇ, ನನ್ನ ಕೋಟೆಯನ್ನು ಕೆಡವಿದಿರಿ, ಇರಲಿ. ಆವರ್ತ ಕೋಷ್ಟಕದ ಸಾಲುಗಳಲ್ಲಿ 2, 8, 8, 18, 18, 32, 32 ಅಂತ ಜೋಡಿ ಜೋಡಿ ಬರುತ್ತವಲ್ಲ, ಅದೂ ಇದರಿಂದಲೇನಾ?

ರಿಟೈರ್ಡ್ ಕೆಮಿಸ್ಟ್ರಿ ಮೇಷ್ಟ್ರು
ಹೌದಪ್ಪ. ಪ್ರತಿ ಸಾಲು ಒಂದು ಎಸ್‌ನಿಂದ ಶುರುವಾಗಿ ಪಿಯಲ್ಲಿ ಮುಗಿಯುತ್ತದೆ, ಮೊದಲ ಸಾಲು ಬಿಟ್ಟು. ಮೂರನೇ ಸಾಲಿನಲ್ಲಿ 3ಎಸ್, 3ಪಿ ಅಷ್ಟೇ, 8. 3ಡಿಯ 10 ನಾಲ್ಕನೇ ಸಾಲಿಗೆ ಹೋಯಿತು, 4ಎಸ್ ಮತ್ತು 4ಪಿ ನಡುವೆ. ಅಲ್ಲಿ 18. ಐದನೇ ಸಾಲಿಗೆ 4ಡಿ, ಮತ್ತೆ 18. 4ಎಫ್‌ನ 14 ಸೇರಿಕೊಳ್ಳಲು ಆರನೇ ಸಾಲಿನವರೆಗೆ ಕಾಯಬೇಕು, ಆಗ 32. ಏಳನೆಯದರಲ್ಲಿ 5ಎಫ್. ಪೊಟ್ಯಾಸಿಯಂನಲ್ಲಿ 4ಎಸ್ ಗೆಲ್ಲದೆ ಹೋಗಿದ್ದರೆ ಕೋಷ್ಟಕದ ಆಕಾರವೇ ಬೇರೆ ಇರುತ್ತಿತ್ತು.

ವಿದ್ಯಾನಗರದ ಅಮ್ಮ
ಎಲ್ಲ ಓದಿ ತೋರಿಸಿದೆ. ಡಿ⁹, ಡಿ¹⁰ ಅರ್ಧಂಬರ್ಧ ಅರ್ಥ ಆಯಿತಂತೆ, ಮೈಲುತುತ್ತ ಪೂರ್ತಿ ಅರ್ಥ ಆಯಿತಂತೆ. ಈಗ ಕೊನೇ ಪ್ರಶ್ನೆ, ಅವಳದ್ದೇ ಮಾತಿನಲ್ಲಿ: "ಹೊರಗಿನ ಕವಚದಲ್ಲಿ 8ಕ್ಕಿಂತ ಜಾಸ್ತಿ ಇರುವ ಒಂದೇ ಒಂದು ಧಾತುವಾದರೂ ಇದೆಯಾ? ಅಯಾನು ಬೇಡ, ಪೂರ್ತಿ ಪರಮಾಣು."

ಶಿವಗಂಗೋತ್ರಿ ಎಂಎಸ್ಸಿ
ಇದೆ! ಪಲ್ಲೇಡಿಯಂ. 46 ಎಲೆಕ್ಟ್ರಾನ್. ಕ್ರಮದ ಪ್ರಕಾರ 4ಡಿ⁸ 5ಎಸ್² ಬರಬೇಕು. ಅಳೆದು ನೋಡಿದರೆ 4ಡಿ¹⁰, 5ಎಸ್ ಪೂರ್ತಿ ಖಾಲಿ. ಕವಚದ ಲೆಕ್ಕದಲ್ಲಿ 2,8,18,18. ಐದನೇ ಸಾಲಿನಲ್ಲಿ ಕೂತಿದೆ, ಆದರೆ ಐದನೇ ಕವಚದಲ್ಲಿ ಒಂದೂ ಎಲೆಕ್ಟ್ರಾನ್ ಇಲ್ಲ. ಹೊರಗಿನ ಕವಚ ನಾಲ್ಕನೆಯದು, ಅದರಲ್ಲಿ 18.

ಪಿಯು ಸೆಕೆಂಡ್ ಇಯರ್ (ಹರಿಹರ)
ಅಯ್ಯೋ, ಇದು ಗೊತ್ತೇ ಇರಲಿಲ್ಲ.

ರಿಟೈರ್ಡ್ ಕೆಮಿಸ್ಟ್ರಿ ಮೇಷ್ಟ್ರು
ತಾಯೀ, ಪರೀಕ್ಷೆಯಲ್ಲಿ ಪೊಟ್ಯಾಸಿಯಂಗೆ 2,8,8,1, ಕ್ಯಾಲ್ಸಿಯಂಗೆ 2,8,8,2 ಅಂತಲೇ ಬರೆಯಲಿ, ಅವೆರಡೂ ಸರಿಯಾದ ಉತ್ತರ. 9ನೇ ಕ್ಲಾಸಿನ 8ರ ರೂಲ್ ಮೊದಲ 20 ಧಾತುಗಳಿಗೆ ಎಲ್ಲೂ ತಪ್ಪುವುದಿಲ್ಲ. ಅಲ್ಲಿಂದ ಮುಂದೆ ಕವಚದ ಲೆಕ್ಕ ಬಿಟ್ಟು ಉಪಕವಚದ ಲೆಕ್ಕ ಹಿಡಿಯಬೇಕು, ಅದು ಪಿಯುಸಿಯಲ್ಲಿ ಬರುತ್ತದೆ.

ವಿದ್ಯಾನಗರದ ಅಮ್ಮ
ಸರಿ ಮೇಷ್ಟ್ರೇ. ಪರೀಕ್ಷೆಯಲ್ಲಿ ಹಾಗೇ ಬರೆಯುತ್ತಾಳಂತೆ. ಸೋಮವಾರ ಟ್ಯೂಷನ್‌ನಲ್ಲಿ ಮಾತ್ರ ಪಲ್ಲೇಡಿಯಂ ವಿನ್ಯಾಸ ಬರೆದು ತೋರಿಸಿ ಅಂತ ಕೇಳುವ ಪ್ಲಾನ್ ಹಾಕಿದ್ದಾಳೆ. ನಾನು ಬೇಡ ಅನ್ನಲಿಲ್ಲ.